ಎವರೆಸ್ಟ್ ಎತ್ತರ ಯಾವ ಸಮುದ್ರದಿಂದ?

ಪ್ರಶ್ನೆ: ನಮ್ಮ ಮಾಣಿ ಏಳನೇ ತರಗತಿ. ಶಾಲೆಯ ರಸಪ್ರಶ್ನೆಯಲ್ಲಿ ಎವರೆಸ್ಟ್ ಎತ್ತರ ಎಷ್ಟು ಎಂದು ಕೇಳಿದ್ದರು. 8848 ಮೀಟರ್ ಎಂದು ಬರೆದ. ತಪ್ಪು, 8849 ಎಂದು ಅಂಕ ಕಳೆದರು. ಮನೆಗೆ ಬಂದು ಅತ್ತಿದ್ದೇ ಅತ್ತಿದ್ದು. ನಾವು ಓದುವಾಗಲೂ 8848 ಅಂತಲೇ ಇತ್ತು. ಪರ್ವತ ಒಂದು ಮೀಟರ್ ಬೆಳೆದುಬಿಟ್ಟಿತೇ? ಇನ್ನೊಂದು, 'ಸಮುದ್ರ ಮಟ್ಟದಿಂದ' ಅಂತಾರಲ್ಲ, ಎವರೆಸ್ಟ್ ಹತ್ತಿರ ಸಮುದ್ರವೇ ಇಲ್ಲವಲ್ಲ, ಯಾವ ಸಮುದ್ರ ಆಯಿ ಎಂದು ಅವನು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಎವರೆಸ್ಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೀರಾ?
– ಶಿರಸಿ ತಾಲೂಕಿನ ಓದುಗರೊಬ್ಬರು

ಉತ್ತರ: ಅಂಕದ ತಕರಾರು ಮೊದಲು ಮುಗಿಸೋಣ. 2020ರ ಡಿಸೆಂಬರ್ 8ರಂದು ನೇಪಾಳ ಮತ್ತು ಚೀನಾ ಸೇರಿ ಒಂದು ಸಂಖ್ಯೆ ಪ್ರಕಟಿಸಿದವು. 8848.86 ಮೀಟರ್. ಈಗ ಜಗತ್ತು ಒಪ್ಪಿರುವುದು ಇದನ್ನೇ. ಹತ್ತಿರದ ಪೂರ್ಣ ಸಂಖ್ಯೆಗೆ ತಂದರೆ 8849 ಆಗುತ್ತದೆ, ಹಾಗಾಗಿ ಶಾಲೆಯವರು ಹೇಳಿದ್ದು ತಪ್ಪಲ್ಲ. ಆದರೆ 8848 ಎಂಬುದು 1955ರಿಂದ ನಮ್ಮ ಪುಸ್ತಕಗಳಲ್ಲಿ ಇದ್ದ ಸಂಖ್ಯೆ. ಅದನ್ನು ಬರೆದ ಹುಡುಗನಿಗೆ ಸೊನ್ನೆ ಕೊಡುವುದು ನನಗೇನೋ ಸರಿ ಕಾಣುವುದಿಲ್ಲ. ಹಾಗಂತ ಈ ಉತ್ತರ ಹಿಡಿದುಕೊಂಡು ಶಾಲೆಗೆ ಹೋಗಿ ಜಗಳ ಮಾಡಬೇಡಿ, ತಂಗಿ. ಮಾಣಿ ಕೇಳಿದ ಎರಡನೇ ಪ್ರಶ್ನೆ ಇದೆಯಲ್ಲ, ಅದು ಮೊದಲನೆಯದಕ್ಕಿಂತ ನೂರು ಪಾಲು ಒಳ್ಳೆಯದು. ಕಾರವಾರದಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿದೆ. 'ಯಾವ ಸಮುದ್ರ?' ಎಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ.

ಉತ್ತರ ಕೇಳಿದರೆ ಅವನಿಗೆ ಖುಷಿಯಾದೀತು. ಯಾವ ಸಮುದ್ರ ಅಂದರೆ, ಒಂದು ಪಾಲು ನಮ್ಮದೇ ಸಮುದ್ರ.

ಭಾರತದಲ್ಲಿ ಯಾವುದೇ ಊರಿನ, ಬೆಟ್ಟದ ಎತ್ತರ ಹೇಳಬೇಕಾದರೆ ಎಲ್ಲೋ ಒಂದು ಕಡೆ ಸೊನ್ನೆ ಇಟ್ಟುಕೊಳ್ಳಬೇಕು. ಆ ಸೊನ್ನೆಯೇ ಸಮುದ್ರ ಮಟ್ಟ. ಆದರೆ ಸಮುದ್ರ ಒಂದು ಕ್ಷಣವೂ ಸುಮ್ನೆ ನಿಲ್ಲುವುದಿಲ್ಲ. ಕಾರವಾರದ ಕಡಲದಂಡೆಗೆ ಹುಣ್ಣಿಮೆ ಅಥವಾ ಅಮಾವಾಸ್ಯೆ ಆಚೀಚೆ ಬಂದು ನೋಡಿ. ಭರತಕ್ಕೂ ಇಳಿತಕ್ಕೂ ಎರಡು ಮೀಟರ್ ಹತ್ತಿರ ವ್ಯತ್ಯಾಸ ಇರುತ್ತದೆ. ಅದರ ಮೇಲೆ ಅಲೆ, ಗಾಳಿ, ಮಳೆಗಾಲ. ಇದರಲ್ಲಿ ಸೊನ್ನೆ ಎಲ್ಲಿ ಹಿಡಿಯುತ್ತೀರಿ?

ಬ್ರಿಟಿಷರ ಕಾಲದ ಸರ್ವೆಯವರು ಒಂದು ಉಪಾಯ ಮಾಡಿದರು. ದಡದಲ್ಲಿ ಬಾವಿಯಂಥ ಒಂದು ಗುಂಡಿ. ಅದಕ್ಕೆ ಸಮುದ್ರದಿಂದ ಒಂದು ಕೊಳವೆ. ಕೊಳವೆಯಲ್ಲಿ ನೀರು ನಿಧಾನ ಬರುವುದರಿಂದ ಅಲೆಯ ಕುಣಿತ ಒಳಗೆ ಬರುವುದಿಲ್ಲ. ಭರತ, ಇಳಿತ ಮಾತ್ರ ಬರುತ್ತದೆ. ನೀರಿನ ಮೇಲೆ ಒಂದು ತೇಲುವ ಬುರುಡೆ, ಅದಕ್ಕೆ ಕಟ್ಟಿದ ಲೇಖನಿ, ತಿರುಗುವ ಉರುಳೆಗೆ ಸುತ್ತಿದ ಕಾಗದ. ಹಗಲು ರಾತ್ರಿ ಸಮುದ್ರ ತನ್ನ ಏರಿಳಿತ ತಾನೇ ಬರೆಯುತ್ತಿತ್ತು. ಹೀಗೆ ವರ್ಷಗಟ್ಟಲೆ ಬರೆಸಿ, ಸರಾಸರಿ ತೆಗೆದು, ಅದನ್ನು ಸೊನ್ನೆ ಎಂದರು. 1909ರಲ್ಲಿ ದೇಶದ ಎಲ್ಲ ಎತ್ತರಗಳನ್ನು ಒಂದೇ ಲೆಕ್ಕಕ್ಕೆ ತರುವಾಗ ಒಂಬತ್ತು ಬಂದರುಗಳ ಸರಾಸರಿ ಮಟ್ಟ ಹಿಡಿದರು. ಕರಾಚಿ, ಮುಂಬೈ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣಂ, ಮದರಾಸು, ವಿಶಾಖಪಟ್ಟಣ, ಒಡಿಶಾ ಕರಾವಳಿಯ ಫಾಲ್ಸ್ ಪಾಯಿಂಟ್.

ಮೂರನೇ ಹೆಸರು ನೋಡಿದಿರಾ? ಕರ್ನಾಟಕದ ಕರಾವಳಿಯಿಂದ ಅದೊಂದೇ. ಪಠ್ಯಪುಸ್ತಕದಲ್ಲಿ ಇದು ಯಾಕಿಲ್ಲ ಎಂಬುದು ನನ್ನ ಹಳೇ ಕೊರಗು.

ಕುಮಟಾ, ಹೊನ್ನಾವರದಲ್ಲಿ ರೈಲು ಹತ್ತುವಾಗ ಹಳದಿ ಬೋರ್ಡ್ ಮೇಲೆ ಊರಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಎಂದು ಬರೆದಿರುತ್ತದೆ. ಅಲ್ಲಿ ಹೇಳುವ ಸಮುದ್ರ ಮಟ್ಟವೂ ಇಂಥದ್ದೇ ಒಂದು ಸರಾಸರಿ. ಶಿರಸಿಗೆ ರೈಲು ಇನ್ನೂ ಬಂದಿಲ್ಲ, ಆ ಕತೆ ಇಲ್ಲಿ ಬೇಡ.

ಸರಿ, ಸೊನ್ನೆ ಕಡಲದಂಡೆಯಲ್ಲಿ ಸಿಕ್ಕಿತು. ಅದನ್ನು ಸಾವಿರಾರು ಕಿಲೋಮೀಟರ್ ದೂರದ ಹಿಮಾಲಯಕ್ಕೆ ಒಯ್ಯುವುದು ಹೇಗೆ? ಮನೆ ಕಟ್ಟುವಾಗ ಗಾರೆಯವರು ಪಾರದರ್ಶಕ ಪೈಪಿಗೆ ನೀರು ತುಂಬಿ ಈ ಗೋಡೆಗೂ ಆ ಗೋಡೆಗೂ ಮಟ್ಟ ನೋಡುತ್ತಾರಲ್ಲ, ಹೆಚ್ಚು ಕಡಿಮೆ ಹಾಗೆಯೇ. ಹಿಂದೊಂದು ಅಳತೆ ಕೋಲು, ಮುಂದೊಂದು ಅಳತೆ ಕೋಲು, ನಡುವೆ ಮಟ್ಟ ನೋಡುವ ದುರ್ಬೀನು. ಎರಡೂ ಕೋಲುಗಳ ವ್ಯತ್ಯಾಸ ಬರೆದುಕೊಳ್ಳುವುದು, ಮುಂದೆ ಹೋಗುವುದು. ಮತ್ತೆ ಅದೇ. ಮತ್ತೆ ಅದೇ. ಅರ್ಧ ದೇಶ ಹೀಗೆ ನಡೆದುಕೊಂಡೇ ಅಳೆದಿದ್ದಾರೆ. ದಾರಿಯುದ್ದಕ್ಕೂ ಕಲ್ಲಿನ ಮೇಲೆ ಗುರುತು ಕೆತ್ತಿ ಬಿಟ್ಟಿದ್ದಾರೆ. 1952ರಿಂದ 54ರವರೆಗೆ ಭಾರತದ ಸರ್ವೆ ಇಲಾಖೆಯವರು ಈ ಮಟ್ಟದ ಜಾಲ ಹಿಡಿದೇ ನೇಪಾಳದ ಒಳಗೆ ಹೋಗಿ, ಎವರೆಸ್ಟ್ ಹತ್ತಿರದಿಂದ ನೋಡಿ 8848 ಎಂದು ಲೆಕ್ಕ ಹಾಕಿದರು. ನಿಮ್ಮ ಮಾಣಿ ಬರೆದ ಸಂಖ್ಯೆ ಅದು.

ಅದಕ್ಕೂ ಹಿಂದಿನ ಕತೆ ಇನ್ನೂ ಚೆಂದ.

1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಳಿ ನೆಲದ ಮೇಲೆ ಒಂದು ಗೆರೆ ಅಳೆದ. 1802ರಲ್ಲಿ ಮದರಾಸಿನಲ್ಲಿ ದೊಡ್ಡ ಸರ್ವೆ ಶುರುಮಾಡಿದ. ಒಂದು ಗೆರೆಯನ್ನು ಸರಿಯಾಗಿ ಅಳೆದರೆ ಸಾಕು, ಆಮೇಲೆ ಕೋನಗಳನ್ನು ಅಳೆಯುತ್ತಾ ತ್ರಿಕೋನದ ಮೇಲೆ ತ್ರಿಕೋನ ಜೋಡಿಸುತ್ತಾ ಹೋಗಬಹುದು. ಮೊದಲ ಫಲವೇ ತಮಾಷೆಯದು. ಮದರಾಸಿನಿಂದ ಮಂಗಳೂರಿಗೆ ನೇರ ದೂರ 400 ಮೈಲಿ ಎಂದು ನಕ್ಷೆಯಲ್ಲಿತ್ತು. ಅಳೆದರೆ 360. ನಲವತ್ತು ಮೈಲಿ ನೆಲ ನಕ್ಷೆಯಿಂದ ಮಾಯ! ಕೋನ ಅಳೆಯುವ ಅವನ ಥಿಯೋಡೊಲೈಟ್ ಅರ್ಧ ಟನ್ ತೂಕ. ಹೊರಲು ಹನ್ನೆರಡು ಜನ ಬೇಕು. 1808ರಲ್ಲಿ ಅದನ್ನು ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು ಗೋಡೆಗೆ ಬಡಿಯಿತು. ಪುಣ್ಯಾತ್ಮ ವಾರಗಟ್ಟಲೆ ಕೂತು ಅದನ್ನು ತಾನೇ ತಟ್ಟಿ ಸರಿಮಾಡಿದ.

ಈ ತ್ರಿಕೋನಗಳ ಸರಪಳಿ ಹಿಮಾಲಯದ ಬುಡ ತಲುಪುವ ಹೊತ್ತಿಗೆ ಸುಮಾರು ಐವತ್ತು ವರ್ಷ ಆಗಿತ್ತು. ಆಗ ನೇಪಾಳ ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ 1849–50ರಲ್ಲಿ ಬಿಹಾರದ ಬಯಲಿನಲ್ಲಿ ನಿಂತು, 160 ಕಿಲೋಮೀಟರ್‌ಗಿಂತ ದೂರದಿಂದ ಆ ಶಿಖರವನ್ನು ನೋಡಿದರು. ಹೆಸರೂ ಇರಲಿಲ್ಲ, 'ಶಿಖರ 15' ಅಷ್ಟೇ.

ಅಷ್ಟು ದೂರದಿಂದ ನೋಡುವುದರಲ್ಲಿ ಎರಡು ತೊಡಕು. ಒಂದು, ಭೂಮಿ ಗುಂಡಗಿದೆ. ಮೀನುಗಾರಿಕೆ ದೋಣಿ ಸಮುದ್ರಕ್ಕೆ ಹೋಗುವಾಗ ಮೊದಲು ಅದರ ಒಡಲು ಮರೆಯಾಗುತ್ತದೆ, ಕೊನೆಗೆ ಕಂಬದ ತುದಿ. ಪರ್ವತಕ್ಕೂ ಇದೇ ನಿಯಮ. 170 ಕಿಲೋಮೀಟರ್ ದೂರದ ಬಯಲಿನಿಂದ ನೋಡಿದರೆ ಬುಡದ ಕಡೆಯ ಸುಮಾರು 2 ಕಿಲೋಮೀಟರ್ ನೆಲದ ಬಾಗಿನ ಹಿಂದೆ ಮುಚ್ಚಿಹೋಗಿರುತ್ತದೆ. ಎರಡನೆಯದು ಇನ್ನೂ ಕಿರಿಕಿರಿ. ಬೆಳಕು ಗಾಳಿಯಲ್ಲಿ ನೇರ ಬರುವುದಿಲ್ಲ, ಸ್ವಲ್ಪ ಬಾಗುತ್ತದೆ. ನೀರಿಗೆ ಇಳಿಸಿದ ಹುಟ್ಟು ಮುರಿದಂತೆ ಕಾಣುತ್ತದೆ ಅಲ್ವಾ, ಅದೇ ಜಾತಿಯ ಮೋಸ. ಮೇಲಿನ ಗಾಳಿ ತೆಳು, ಕೆಳಗಿನದು ದಪ್ಪ. ಹಾಗಾಗಿ ಶಿಖರ ಇರುವುದಕ್ಕಿಂತ ಎತ್ತರ ಕಾಣುತ್ತದೆ. ಬೆಳಿಗ್ಗೆ ಒಂದು ಎತ್ತರ, ಮಧ್ಯಾಹ್ನ ಇನ್ನೊಂದು.

ಇದನ್ನೆಲ್ಲ ಕಳೆದು ಕೂಡಿಸಿ ಲೆಕ್ಕ ತೆಗೆದವರು ಬಂಗಾಳದ ರಾಧಾನಾಥ ಸಿಕ್ದಾರ್. 1831ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ ಸರ್ವೆಗೆ ಸೇರಿದ ಗಣಿತಜ್ಞ. 1852ರಲ್ಲಿ ಶಿಖರ 15 ಎಲ್ಲಕ್ಕಿಂತ ಎತ್ತರ ಎಂದು ಅವರ ಲೆಕ್ಕ ಹೇಳಿತು. ಅವರು ಓಡಿಬಂದು 'ಸಾಹೇಬರೇ, ಜಗತ್ತಿನ ಅತಿ ಎತ್ತರದ ಪರ್ವತ ಸಿಕ್ಕಿತು' ಎಂದು ಡೆಹ್ರಾಡೂನಿನಲ್ಲಿ ಕೂಗಿದರು ಎಂಬ ಕತೆ ಇದೆ. ಕತೆ ಚೆನ್ನಾಗಿದೆ, ಆದರೆ ಆಗ ಅವರು ಇದ್ದದ್ದು ಕಲ್ಕತ್ತೆಯಲ್ಲಿ. ಸರ್ವೆ ಮುಖ್ಯಸ್ಥ ಆಂಡ್ರೂ ವಾ ಮತ್ತೆ ಮತ್ತೆ ಪರೀಕ್ಷಿಸಿ 1856ರಲ್ಲಿ ಪ್ರಕಟಿಸಿದ್ದು 29,002 ಅಡಿ. ನಿಜವಾಗಿ ಬಂದದ್ದು ಸರಿಯಾಗಿ 29,000, ಹಾಗೆ ಹೇಳಿದರೆ ಅಂದಾಜಿಗೆ ಹೇಳಿದಂತೆ ಕಾಣುತ್ತದೆ ಎಂದು ಎರಡು ಅಡಿ ಸೇರಿಸಿದರು ಎಂಬ ಮಾತೂ ಇದೆ. ನನಗೆ ಅಚ್ಚರಿ ಬೇರೆ ಕಡೆ. 29,002 ಅಡಿ ಅಂದರೆ ಸುಮಾರು 8840 ಮೀಟರ್. ಇಂದಿನ ಉಪಗ್ರಹ, ಕಂಪ್ಯೂಟರ್ ಎಲ್ಲ ಸೇರಿ ಕೊಟ್ಟ ಸಂಖ್ಯೆಗಿಂತ 9 ಮೀಟರ್ ಕಡಿಮೆ. ಅಷ್ಟು ದೂರದಿಂದ, ಕಾಗದ ಪೆನ್ಸಿಲ್ ಹಿಡಿದು, ಬರೀ 9 ಮೀಟರ್!

ಆಮೇಲೆ ಸಂಖ್ಯೆ ಹಲವು ಸಲ ಬದಲಾಯಿತು. 1999ರಲ್ಲಿ ಅಮೆರಿಕದವರು ಜಿಪಿಎಸ್ ಇಟ್ಟು 8850 ಎಂದರು. 2005ರಲ್ಲಿ ಚೀನಾ 8844.43 ಎಂದಿತು. ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಚೀನಾ ಅಳೆದದ್ದು ಬಂಡೆಯ ತುದಿ. ಅದರ ಮೇಲೆ ಮೂರು ನಾಲ್ಕು ಮೀಟರ್ ಹಿಮದ ಟೊಪ್ಪಿ ಇದೆ. ನೇಪಾಳ ಟೊಪ್ಪಿ ಸೇರಿಸಿ ಎನ್ನುತ್ತಿತ್ತು. ನಮ್ಮಲ್ಲಿ ಎತ್ತರ ಅಳೆಯುವಾಗ ಮುಂಡಾಸು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಜಗಳ ಇದು.

2015ರ ನೇಪಾಳ ಭೂಕಂಪದ ನಂತರ ಪರ್ವತ ಕುಸಿದಿದೆ ಎಂಬ ಮಾತು ಹಬ್ಬಿತು. ಸರಿ, ನಾವೇ ಅಳೆಯುತ್ತೇವೆ ಎಂದು ನೇಪಾಳ ಹೊರಟಿತು. 2019ರ ಮೇ ತಿಂಗಳಲ್ಲಿ ಸರ್ವೆ ಅಧಿಕಾರಿ ಖಿಮ್‌ಲಾಲ್ ಗೌತಮ್ ತಂಡ ಜನಸಂದಣಿ ತಪ್ಪಿಸಲು ರಾತ್ರಿ ಮೂರು ಗಂಟೆಗೆ ತುದಿ ಮುಟ್ಟಿ, ಕತ್ತಲಲ್ಲಿ ಯಂತ್ರ ಇಟ್ಟು ಕೂತಿತು. ಚಳಿಗೆ ಗೌತಮ್ ಕಾಲಿನ ಒಂದು ಬೆರಳು ಕಳೆದುಕೊಂಡರು. ಅಳತೆ ಕೆಲಸಕ್ಕೆ ಬೆರಳು ಕೊಟ್ಟವರು! ಮರುವರ್ಷ ಮೇ 27ಕ್ಕೆ ಚೀನಾದ ತಂಡ ಇನ್ನೊಂದು ಬದಿಯಿಂದ ಹತ್ತಿತು.

ಇಲ್ಲಿ ಮತ್ತೆ ಮಾಣಿಯ ಪ್ರಶ್ನೆಯೇ ಎದುರಾಯಿತು. ಯಾವ ಸಮುದ್ರ? ಚೀನಾದ ಸೊನ್ನೆ ಇರುವುದು ಹಳದಿ ಸಮುದ್ರದಲ್ಲಿ. ನೇಪಾಳಕ್ಕೆ ಸಮುದ್ರವೇ ಇಲ್ಲ, ಬಂಗಾಳ ಕೊಲ್ಲಿಯ ಮಟ್ಟವನ್ನು ಭಾರತ ಗಡಿಯವರೆಗೆ ತಂದು ಗುರುತಿಸಿತ್ತು, ಅಲ್ಲಿಂದ ಅವರು ಮುಂದಕ್ಕೆ ಒಯ್ದರು. ಈ ಎರಡು ಸಮುದ್ರಗಳ ಸರಾಸರಿ ಸರಿಯಾಗಿ ಒಂದೇ ಮಟ್ಟದಲ್ಲಿ ಇರಬೇಕು ಎಂದೇನಿಲ್ಲ. ಮುಂಬೈ ಮತ್ತು ವಿಶಾಖಪಟ್ಟಣದ ಮಟ್ಟವೇ ಒಂದಿಲ್ಲ. ಹಾಗಾಗಿ ಇಬ್ಬರೂ ಸೇರಿ ಒಂದು ಲೆಕ್ಕದ ಸಮುದ್ರ ಒಪ್ಪಿಕೊಂಡರು. ಕಾರವಾರದಿಂದ ಎವರೆಸ್ಟ್ ಕೆಳಗಿನವರೆಗೆ ಒಂದು ಕಾಲುವೆ ತೋಡಿದೆವು ಎಂದುಕೊಳ್ಳಿ. ಸಮುದ್ರದ ನೀರು ಅದರಲ್ಲಿ ಹರಿದುಹೋಗಿ ಎಲ್ಲಿ ನಿಲ್ಲುತ್ತದೋ ಅದು ಅಲ್ಲಿಯ ಸಮುದ್ರ ಮಟ್ಟ. ಕಾಲುವೆ ತೋಡುವುದಕ್ಕೆ ಆಗುವುದಿಲ್ಲವಲ್ಲ, ಊರೂರಿಗೆ ಗುರುತ್ವ ಎಷ್ಟಿದೆ ಎಂದು ಅಳೆದು ಆ ಮಟ್ಟ ಲೆಕ್ಕ ಹಾಕುತ್ತಾರೆ. ಎವರೆಸ್ಟ್ ಎತ್ತರದಲ್ಲಿ ಕಷ್ಟದ ಭಾಗ ತುದಿ ಅಲ್ಲ, ಈ ಕಾಣದ ಬುಡ.

ಹಾಗಾದರೆ ಪರ್ವತ ಬೆಳೆಯುತ್ತಿಲ್ಲವೇ? ಬೆಳೆಯುತ್ತಿದೆ, ಆದರೆ ವರ್ಷಕ್ಕೆ ಕೆಲವೇ ಮಿಲಿಮೀಟರ್. ನೀವು ಓದಿದ ಕಾಲದಿಂದ ಈಗಿನವರೆಗೆ ಒಂದು ಗೇಣೂ ಬೆಳೆದಿಲ್ಲ. ಪುಸ್ತಕದಲ್ಲಿ ಹೆಚ್ಚಾದ 86 ಸೆಂಟಿಮೀಟರ್ ಹೆಚ್ಚಾಗಿ ನಮ್ಮ ಅಳತೆ ಸುಧಾರಿಸಿದ್ದರ ಲೆಕ್ಕ. ಬೆಳೆಯುವುದಕ್ಕಿಂತ ಅದು ಜಾರುವುದೇ ಜಾಸ್ತಿ. ವರ್ಷಕ್ಕೆ ಸುಮಾರು 4 ಸೆಂಟಿಮೀಟರ್ ಈಶಾನ್ಯಕ್ಕೆ. 2015ರ ಭೂಕಂಪದಲ್ಲಿ 3 ಸೆಂಟಿಮೀಟರ್ ನೈಋತ್ಯಕ್ಕೆ ಹಿಂದೆ ಬಂತು ಎಂದು ಚೀನಾದವರ ಅಳತೆ ಹೇಳಿತು.

ಬೆಳವಣಿಗೆಗೆ ಒಂದು ಕಾರಣ ಎಲ್ಲರಿಗೂ ಗೊತ್ತು. ಭಾರತದ ನೆಲ ಏಷ್ಯಾವನ್ನು ತಳ್ಳುತ್ತಿದೆ. ಇನ್ನೊಂದು ಕಾರಣವನ್ನು ನಮ್ಮ ಬಂದರಿನ ಜನಕ್ಕೆ ಹೇಳುವುದು ಸುಲಭ. ಮೀನು ತುಂಬಿದ ದೋಣಿ ನೀರಲ್ಲಿ ಆಳಕ್ಕೆ ಕೂತಿರುತ್ತದೆ. ಬುಟ್ಟಿ ಬುಟ್ಟಿ ಇಳಿಸಿದ ಹಾಗೆ ಮೇಲೇಳುತ್ತದೆ. ಪರ್ವತವೂ ಅಷ್ಟೇ. ಭೂಮಿಯ ಒಳಗಿನ ಬಿಸಿ ಪದರದ ಮೇಲೆ ದೋಣಿಯಂತೆ ಕೂತಿದೆ. ಎವರೆಸ್ಟ್ ಪೂರ್ವಕ್ಕೆ ಅರುಣ್ ಎಂಬ ನದಿ ಆಳದ ಕಮರಿ ಕೊರೆದುಕೊಂಡು ಹರಿಯುತ್ತದೆ. ಅದು ಕೋಟಿಗಟ್ಟಲೆ ಟನ್ ಕಲ್ಲು ಮಣ್ಣು ಹೊತ್ತು ಇಳಿಸಿದೆ. ಭಾರ ಇಳಿದ ನೆಲ ಮೇಲೆದ್ದಿದೆ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಸುಮಾರು 89,000 ವರ್ಷಗಳ ಹಿಂದೆ ಅರುಣ್ ನದಿ ಇನ್ನೊಂದು ನದಿಯ ನೀರನ್ನೂ ಕಸಿದುಕೊಂಡಿತು. ಅಂದಿನಿಂದ ಈ ಕಾರಣಕ್ಕೇ ಎವರೆಸ್ಟ್ 15ರಿಂದ 50 ಮೀಟರ್ ಏರಿರಬಹುದು ಎನ್ನುತ್ತದೆ ಆ ಅಧ್ಯಯನ.

ದೋಣಿಯ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ದೊಡ್ಡ ಪರ್ವತ ಪಕ್ಕದಲ್ಲಿದ್ದರೆ ತೂಗುಬಿಟ್ಟ ಗುಂಡನ್ನು ತನ್ನ ಕಡೆ ಸ್ವಲ್ಪ ಎಳೆಯುತ್ತದೆ. ಹಿಮಾಲಯ ಎಷ್ಟು ಎಳೆಯಬೇಕು ಎಂದು 1855ರಲ್ಲಿ ಪ್ರಾಟ್ ಎಂಬ ಪಾದ್ರಿ ಲೆಕ್ಕ ಹಾಕಿದ. ನಿಜವಾದ ಎಳೆತ ಅದರ ಮೂರನೇ ಒಂದು ಪಾಲು ಮಾತ್ರ ಇತ್ತು. ಪರ್ವತ ಏನು ಟೊಳ್ಳೇ? ಅಲ್ಲ. ಪರ್ವತಕ್ಕೆ ಕೆಳಗೆ ಹಗುರ ಕಲ್ಲಿನ ಬೇರು ಇದೆ, ತೇಲುವ ದೋಣಿಯ ಮುಳುಗಿದ ಭಾಗದಂತೆ ಎಂದು ಜಾರ್ಜ್ ಏರಿ ಎಂಬ ಖಗೋಳಜ್ಞ ವಿವರಿಸಿದ. ಹಿಮಾಲಯ ಮತ್ತು ಟಿಬೆಟ್ ಕೆಳಗೆ ಭೂಮಿಯ ತೊಗಟೆ 70 ಕಿಲೋಮೀಟರ್ ದಪ್ಪ ಇದೆ. ಮೇಲೆ ಕಾಣುವ ಒಂಬತ್ತು ಕಿಲೋಮೀಟರ್ ಯಾವ ಲೆಕ್ಕ!

ಈಗ ನನಗೆ ಎಲ್ಲಕ್ಕಿಂತ ಇಷ್ಟದ ವಿಷಯ. ಎವರೆಸ್ಟ್ ತುದಿಯ ಕಲ್ಲು ಯಾವುದು ಗೊತ್ತೇ? ಸುಣ್ಣದ ಕಲ್ಲು. ನೀವು ಕವಳಕ್ಕೆ ಹಚ್ಚುವ ಸುಣ್ಣದ ಅಣ್ಣ. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ಆ ಚಿಪ್ಪಿನಲ್ಲಿ ಇರುವುದೂ ಅದೇ ವಸ್ತು. ಸುಮಾರು 45 ಕೋಟಿ ವರ್ಷಗಳ ಹಿಂದೆ ಅದು ಬೆಚ್ಚನೆಯ, ಆಳವಿಲ್ಲದ ಸಮುದ್ರದ ತಳ. ಅಲ್ಲಿ ಸತ್ತ ಜೀವಿಗಳ ಚಿಪ್ಪು, ಕವಚ ಪದರ ಪದರವಾಗಿ ಕೂತು ಕಲ್ಲಾಯಿತು. ಇವತ್ತೂ ತುದಿಯ ಕಲ್ಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಡಲ ಜೀವಿಗಳ ಚೂರು ಕಾಣುತ್ತವೆ. ಸಮುದ್ರ ಲಿಲ್ಲಿಗಳು, ಏಡಿ ಸಿಗಡಿಗಳ ದೂರದ ನೆಂಟರಾದ ಟ್ರೈಲೋಬೈಟ್‌ಗಳು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ನೆಲ ಉತ್ತರಕ್ಕೆ ಬಂದು ಗುದ್ದಿತು. ನಡುವಿನ ಟೆಥಿಸ್ ಸಮುದ್ರ ಮುಚ್ಚಿತು. ತಳ ಮಡಚಿ ಆಕಾಶಕ್ಕೆ ಹೋಯಿತು. ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಎಂದು ಕೇಳುತ್ತೇವೆ, ಕೇಳುವುದು ಒಂದು ಸಮುದ್ರದ ತಳದ ಬಗ್ಗೆ.

ಎವರೆಸ್ಟ್‌ಗೆ ಹೋಗಲು ಆಗದಿದ್ದರೆ ಯಾಣಕ್ಕೆ ಹೋಗಿ. ಅಲ್ಲಿಯ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಎರಡೂ ಕಪ್ಪಾದ ಸುಣ್ಣದ ಕಲ್ಲೇ. ವಯಸ್ಸಿನ ವಿಷಯಕ್ಕೆ ಬಂದರೆ ನಮ್ಮ ಕಡೆಯ ನೆಲದ ಮುಂದೆ ಹಿಮಾಲಯ ತೊಟ್ಟಿಲ ಕೂಸು. ಧಾರವಾಡ ಸೀಮೆಯ ಬಂಡೆಗಳಿಗೆ 250 ಕೋಟಿ ವರ್ಷ ದಾಟಿದೆ. 'ಸೊಕ್ಕಿದ್ದವ ಯಾಣಕ್ಕೆ ಹೋಗು, ರೊಕ್ಕಿದ್ದವ ಗೋಕರ್ಣಕ್ಕೆ ಹೋಗು' ಅಂತ ನಮ್ಮ ಹಿರಿಯರ ಮಾತು. ಎವರೆಸ್ಟ್‌ಗೆ ಎರಡೂ ಬೇಕು. ನೇಪಾಳದ ಕಡೆಯಿಂದ ವಸಂತಕಾಲದಲ್ಲಿ ಹತ್ತುವ ಪರವಾನಗಿಗೆ 2025ರ ಸೆಪ್ಟೆಂಬರ್‌ನಿಂದ ವಿದೇಶಿಯರು ತಲಾ 15,000 ಡಾಲರ್ ಕಟ್ಟಬೇಕು. ಹದಿಮೂರು ಲಕ್ಷ ರೂಪಾಯಿ ಹತ್ತಿರ. ಅದು ಬರೀ ಚೀಟಿಗೆ.

ಎವರೆಸ್ಟೇ ಅತಿ ಎತ್ತರವೋ ಎಂದು ಮಾಣಿ ಕೇಳಿದರೆ, 'ಎಲ್ಲಿಂದ?' ಎಂದು ತಿರುಗಿ ಕೇಳಿ. ಸಮುದ್ರ ಮಟ್ಟದಿಂದ ಹೌದು. ಬುಡದಿಂದ ತುದಿಗೆ ಅಳೆದರೆ ಹವಾಯಿ ದ್ವೀಪದ ಮೌನಾ ಕಿಯಾ ಗೆಲ್ಲುತ್ತದೆ. ನೀರಿನ ಮೇಲೆ ಕಾಣುವುದು ಬರೀ 4,207 ಮೀಟರ್, ಉಳಿದದ್ದು ಸಮುದ್ರದೊಳಗೆ, ಒಟ್ಟು 10,000 ಮೀಟರ್ ದಾಟುತ್ತದೆ. ಭೂಮಿಯ ನಡುಬಿಂದುವಿನಿಂದ ಅಳೆದರೆ ಈಕ್ವೆಡಾರ್ ದೇಶದ ಚಿಂಬೊರಾಜೊ. 6,263 ಮೀಟರ್‌ನ ಈ ಪರ್ವತದ ತುದಿ ಎವರೆಸ್ಟ್ ತುದಿಗಿಂತ ಸುಮಾರು 2 ಕಿಲೋಮೀಟರ್ ಹೊರಗೆ ಚಾಚಿದೆ. ಭೂಮಿ ಸೊಂಟದಲ್ಲಿ ಉಬ್ಬಿರುವುದೇ ಕಾರಣ. ಜೋಗದ ಲೆಕ್ಕದಲ್ಲಿ ಬೇಕಾದರೆ, 253 ಮೀಟರ್‌ನ ಜಲಪಾತ 35 ಸಲ ಒಂದರ ಮೇಲೊಂದು ಇಟ್ಟರೆ ಎವರೆಸ್ಟ್ ಆಗುತ್ತದೆ.

ಮೇಲೆ ಆಮ್ಲಜನಕ ಕಡಿಮೆ ಎನ್ನುತ್ತಾರೆ. ಇದನ್ನು ಸ್ವಲ್ಪ ಸರಿಯಾಗಿ ಹೇಳಬೇಕು. ಅಲ್ಲಿಯ ಗಾಳಿಯಲ್ಲೂ ಆಮ್ಲಜನಕದ ಪಾಲು ಕಾರವಾರದಲ್ಲಿ ಇದ್ದಷ್ಟೇ, ನೂರಕ್ಕೆ 21. ಗಾಳಿಯೇ ತೆಳು. ಒತ್ತಡ ಮೂರನೇ ಒಂದು ಪಾಲು. ಮೂರು ಉಸಿರು ಎಳೆದರೆ ಇಲ್ಲಿಯ ಒಂದು ಉಸಿರು. ದೇವಿಮನೆ ಘಾಟಿ ಹತ್ತುವಾಗ ಕಿವಿ ಗುಂಯ್ ಎನ್ನುವುದೂ ಇದೇ ಒತ್ತಡದ ಆಟ, ಅದರ ಪುಟ್ಟ ಮರಿ. ತುದಿಯಲ್ಲಿ ನೀರು 70 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುಚ್ಚಲಕ್ಕಿ ಇಟ್ಟರೆ ಗಂಜಿ ಆಗುವುದೇ ಇಲ್ಲ. ಎಷ್ಟು ಹೊತ್ತು ಕುದಿಸಿದರೂ ಅಷ್ಟೇ.

ಹತ್ತುವವರು ಯಾಕೆ ಎಲ್ಲರೂ ಮೇ ತಿಂಗಳಲ್ಲೇ? ತೇನ್‌ಸಿಂಗ್ ಮತ್ತು ಹಿಲರಿ 1953ರ ಮೇ 29. ಮೊದಲ ಮಹಿಳೆ, ಜಪಾನಿನ ಜುಂಕೊ ತಾಬೆ 1975ರ ಮೇ 16. ನಮ್ಮ ಬಚೇಂದ್ರಿ ಪಾಲ್ 1984ರ ಮೇ 23. ಚಳಿಗಾಲದಲ್ಲಿ ಶಿಖರದ ಮೇಲೆ ಭಾರಿ ವೇಗದ ಮೇಲ್ಗಾಳಿ ಬೀಸುತ್ತಿರುತ್ತದೆ. ನಮ್ಮ ಮುಂಗಾರು ಹತ್ತಿರವಾದಂತೆ ಆ ಗಾಳಿ ಉತ್ತರಕ್ಕೆ ಸರಿಯುತ್ತದೆ. ಗಾಳಿ ಹೋಗಿ ಮಳೆ ಬರುವ ನಡುವೆ ಕೆಲವೇ ದಿನ ಬಿಡುವು. ಆಮೇಲೆ ಹಿಮ ಸುರಿಯುತ್ತದೆ. ನಮ್ಮ ಯಾಂತ್ರಿಕ ದೋಣಿಗಳು ಜೂನ್ 1ಕ್ಕೆ ದಡ ಸೇರುತ್ತವೆ, ಎವರೆಸ್ಟ್ ಬುಡದಲ್ಲಿ ಡೇರೆ ಕೀಳುವುದೂ ಹೆಚ್ಚು ಕಡಿಮೆ ಅದೇ ವಾರ. ಇಬ್ಬರನ್ನೂ ಓಡಿಸುವುದು ಒಂದೇ ಮಳೆಗಾಲ.

ಮನುಷ್ಯರು ಇಷ್ಟೆಲ್ಲ ಒದ್ದಾಡುವ ಹಿಮಾಲಯವನ್ನು ದಾಟಿ ಬರುವ ಒಂದು ಹಕ್ಕಿ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುತ್ತದೆ. ಪಟ್ಟೆತಲೆ ಹೆಬ್ಬಾತು. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. 7,000 ಮೀಟರ್ ಮೇಲೆ ಹಾರಿದ್ದು ಯಂತ್ರ ಕಟ್ಟಿ ನೋಡಿದಾಗ ದಾಖಲಾಗಿದೆ. ಆದರೆ ಜಾಣ ಹಕ್ಕಿ. ಸುಮ್ನೆ ಶಿಖರದ ಮೇಲೆ ಹಾರುವುದಿಲ್ಲ, ಆದಷ್ಟು ಕಣಿವೆ ಹಿಡಿದೇ ಬರುತ್ತದೆ.

ಹೆಸರಿನ ಮಾತೊಂದು ಬಾಕಿ. ಎವರೆಸ್ಟ್ ಎಂಬುದು ವಾ ಅವರಿಗಿಂತ ಮೊದಲು ಸರ್ವೆ ಮುಖ್ಯಸ್ಥರಾಗಿದ್ದ ಜಾರ್ಜ್ ಎವರೆಸ್ಟ್ ಹೆಸರು. ಅವರು ತಮ್ಮ ಹೆಸರನ್ನು ಹೇಳುತ್ತಿದ್ದದ್ದು 'ಈವ್‌ರೆಸ್ಟ್' ಎಂದು. ಇಡೀ ಜಗತ್ತು ತಪ್ಪಾಗಿ ಕರೆಯುತ್ತಿದೆ. ಪರ್ವತಕ್ಕೆ ನನ್ನ ಹೆಸರು ಬೇಡ, ಅಲ್ಲಿಯ ಜನಕ್ಕೆ ಬರೆಯಲೂ ಬಾರದು, ಉಚ್ಚರಿಸಲೂ ಬಾರದು ಎಂದು ಅವರೇ ಹೇಳಿದ್ದರು. ಯಾರೂ ಕೇಳಲಿಲ್ಲ. ನೇಪಾಳದವರು ಸಾಗರಮಾಥಾ ಎನ್ನುತ್ತಾರೆ. ಇತಿಹಾಸಕಾರ ಬಾಬುರಾಮ್ ಆಚಾರ್ಯ ಬಳಕೆಗೆ ತಂದ ಹೆಸರು. ಅವರ ಅರ್ಥದಲ್ಲಿ ಅದು ಆಕಾಶದ ಹಣೆ. ನಮ್ಮ ಕಿವಿಗೆ ಮಾತ್ರ ಸಾಗರ ಎಂದರೆ ಸಮುದ್ರ, ಇಲ್ಲವೇ ಘಟ್ಟದ ಮೇಲಿನ ಸಾಗರ ಪೇಟೆ. ತುದಿಯ ಕಲ್ಲು ನೆನೆಸಿಕೊಂಡರೆ ನಮ್ಮ ತಪ್ಪು ಅರ್ಥವೇ ಜಾಸ್ತಿ ಸರಿ ಎನಿಸುತ್ತದೆ.

ಟಿಬೆಟಿನವರ ಹೆಸರು ಚೊಮೊಲುಂಗ್ಮಾ. ಎಲ್ಲಕ್ಕಿಂತ ಹಳೆಯದು ಇದೇ. ಇದನ್ನು ಸರಿಯಾಗಿ ಹೇಳುವುದು ಹೇಗೆ ಎಂದು ತಿಳಿಯಲು ಹಿಮಾಲಯಕ್ಕೆ ಹೋಗಬೇಕಿಲ್ಲ. 1966ರಿಂದ ನಮ್ಮದೇ ಜಿಲ್ಲೆಯ ಮುಂಡಗೋಡಿನಲ್ಲಿ ಟಿಬೆಟನ್ನರ ದೊಡ್ಡ ವಸತಿ ಇದೆ. ಶಿರಸಿಯಿಂದ ಬಸ್ಸಿಗೆ ಎಷ್ಟು ಹೊತ್ತು ಎಂದು ನಿಮಗೇ ಗೊತ್ತು. ರಜೆಯಲ್ಲಿ ಮಾಣಿಯನ್ನು ಕರೆದುಕೊಂಡು ಹೋಗಿ, ಅಲ್ಲಿ ಯಾರಾದರೂ ಅಜ್ಜಿಯ ಬಾಯಲ್ಲಿ ಒಮ್ಮೆ ಆ ಹೆಸರು ಹೇಳಿಸಿ. ಕುಮಟಾ ಕಡೆ ಬಂದರೆ ಸ್ಟೇಷನ್ ಬೋರ್ಡಿನ ಮೇಲಿನ ಸಂಖ್ಯೆ ಬರೆದುಕೊಳ್ಳಲಿ. ಅದನ್ನು 8848.86ರಿಂದ ಕಳೆದರೆ ಎಷ್ಟು ಬರುತ್ತದೆ ಎಂದು ನನಗೆ ಒಂದು ಕಾಗದ ಹಾಕಲಿ. ಆ ಲೆಕ್ಕಕ್ಕೆ ಅಂಕ ನಾನು ಕೊಡುತ್ತೇನೆ.